ಮೂರು ಕೂಗಿನ ಕುಕ್ಕರ್, 14 ಬಟನ್ನಿನ ಕುಕ್ಕರ್

ನಮ್ಮ ಮನೆಯಲ್ಲಿ ಈಗ ಎರಡು ಕುಕ್ಕರ್. ಒಂದು ಗ್ಯಾಸ್ ಮೇಲಿಡುವ ಹಳೇ 5 ಲೀಟರಿನದು, ಹಿಡಿ ಒಮ್ಮೆ ಬದಲಾಗಿದೆ. ಇನ್ನೊಂದು ಕರೆಂಟಿನದು, 6 ಲೀಟರ್, ಮುಖದ ತುಂಬಾ 14 ಬಟನ್. ಒಂದು ವರ್ಷದಿಂದ ಎರಡರಲ್ಲೂ ಅಡುಗೆ ಮಾಡುತ್ತಿದ್ದೇನೆ.

ಮೊದಲು ಬೇಳೆ. ಒಂದು ಲೋಟ ತೊಗರಿಬೇಳೆ, ಚಿಟಿಕೆ ಅರಿಶಿನ, ನಾಲ್ಕು ತೊಟ್ಟು ಎಣ್ಣೆ. ಗ್ಯಾಸ್ ಮೇಲೆ ಮೂರು ಕೂಗು ಕೂಗಿಸಿದರೆ ಆವಿ ಇಳಿಯುವ ಹೊತ್ತೂ ಸೇರಿ ಹೆಚ್ಚುಕಮ್ಮಿ 25 ನಿಮಿಷ. ಕರೆಂಟಿನದು 10 ಅಂತ ತೋರಿಸುತ್ತದೆ, ನಂಬಬೇಡಿ. ಒಳಗೆ ಒತ್ತಡ ಕಟ್ಟಿದ ಮೇಲೇ ಆ ಹತ್ತು ಶುರುವಾಗೋದು, ಅದಕ್ಕೇ ಹತ್ತು-ಹನ್ನೆರಡು ನಿಮಿಷ ಬೇಕು, ಆಮೇಲೆ ಆವಿ ತಾನಾಗಿ ಇಳಿಯಲಿ ಅಂತ ಕಾದರೆ ಇನ್ನೊಂದು ಹದಿನೈದು. ಗ್ಯಾಸಿನ ಕುಕ್ಕರಿನಲ್ಲಿ ಒತ್ತಡ ಸುಮಾರು 15 ಪಿಎಸ್‌ಐ (ಒತ್ತಡ ಅಳೆಯುವ ಲೆಕ್ಕ), ಒಳಗಿನ ಬಿಸಿ 120 ಡಿಗ್ರಿ ಹತ್ತಿರ. ಕರೆಂಟಿನವು ಸಾಮಾನ್ಯವಾಗಿ 10-12 ಪಿಎಸ್‌ಐಗೇ ನಿಲ್ಲುತ್ತವೆ. ಕಡಲೆಕಾಳು ಹಾಕಿದ ದಿನ ಇದು ಹಲ್ಲಿಗೇ ಗೊತ್ತಾಗುತ್ತದೆ.

ಇನ್ನು ಬಟನ್. ಸೂಪ್, ಸ್ಟ್ಯೂ, ಕೇಕ್ ಎಲ್ಲಾ ಇದೆ. ಹುಳಿಗೆ ಯಾವುದು ಒತ್ತಬೇಕು? ಒಂದೊಂದೇ ಒತ್ತಿ ನೋಡಿದರೆ ಹೆಚ್ಚಿನವು ಬರೀ ನಿಮಿಷ ಬದಲಾಯಿಸುತ್ತವೆ, ಅಷ್ಟೇ. ಈಗ ನಾನು ನಿಮಿಷ ನಾವೇ ಇಡುವ ಬಟನ್ ಬಿಟ್ಟು ಬೇರೆ ಮುಟ್ಟೋದು ಅಪರೂಪ.

ಹಾಗಂತ ಹಳೇದು ದೇವರಲ್ಲ. ಹಿತ್ತಲಲ್ಲಿ ಬಟ್ಟೆ ಒಣಹಾಕುತ್ತಿದ್ದರೂ ಕಿವಿ ಕೂಗಿನ ಲೆಕ್ಕ ಇಡುತ್ತದೆ ನಿಜ, ಆದರೆ ಮಧ್ಯೆ ಒಂದು ಫೋನ್ ಬಂತೋ, ಎರಡಾಯ್ತಾ ಮೂರಾಯ್ತಾ ಅಂತ ಗೊತ್ತಾಗದೆ ಬೇಳೆ ಗಂಜಿಯಾಗಿ, ಅರಿಶಿನದ ನೊರೆ ಉಕ್ಕಿ ಸ್ಟೌವೆಲ್ಲಾ ಹಳದಿ. ಕರೆಂಟಿನದನ್ನು ಹಾಕಿ ಸ್ನಾನಕ್ಕೆ ಹೋಗಬಹುದು. ಬೆಳಗ್ಗೆ ಏಳೂವರೆಗೆ ಮನೆ ಬಿಡುವವರಿಗೆ ಇದು ಸಣ್ಣ ಮಾತಲ್ಲ. ಕರೆಂಟ್ ಹೋದರೆ ಮಾತ್ರ ಅರೆಬೆಂದ ಅಕ್ಕಿ ಹಿಡಿದು ಕೂರಬೇಕು.

ನನ್ನ ಓಟು ಗ್ಯಾಸಿನದಕ್ಕೇ. ಆದರೆ 14ರಲ್ಲಿ ಒಂದು ಬಟನ್ನಿಗೆ ನಾನು ಸೋತಿದ್ದೇನೆ. ಮೊಸರಿನದು. ಡಿಸೆಂಬರಿನಲ್ಲಿ ಬೆಂಗಳೂರಿನ ಚಳಿಗೆ ಹಾಲು ಬೆಳಗಾದರೂ ಹೆಪ್ಪಾಗಲ್ಲ, ಇದರಲ್ಲಿ ರಾತ್ರಿ ಹೆಪ್ಪು ಹಾಕಿದರೆ ಬೆಳಗ್ಗೆ ಚಮಚದಲ್ಲಿ ಕತ್ತರಿಸುವ ಹಾಗಿರುತ್ತದೆ. ಮೊದಲನೇ ಸಲ ಮಾತ್ರ ಮೊಸರಿಗೆ ಇಂಗಿನ ವಾಸನೆ. ಮುಚ್ಚಳದ ಸಿಲಿಕೋನ್ ಗ್ಯಾಸ್ಕೆಟ್ ಹಿಂದಿನ ದಿನದ ಸಾರಿನ ವಾಸನೆ ಕುಡಿದು ಕೂತಿತ್ತು. ಈಗ ಮೊಸರಿಗೆ ಆ ಮುಚ್ಚಳ ಹಾಕಲ್ಲ, ಸುಮ್ನೆ ಒಂದು ಸ್ಟೀಲ್ ತಟ್ಟೆ ಮುಚ್ಚುತ್ತೇನೆ.