ನೇಪಾಳಿ ರೂಪಾಯಿ, ಭೂತಾನದ ನ್ಗುಲ್ಟ್ರಮ್: ಹಳೆಯ ದರ ತೋರಿಸುವ ಆ್ಯಪ್ ವರ್ಷಗಟ್ಟಲೆ ಬಳಸಿದ ಮೇಲೆ

ನಾನು ಮೈಸೂರಿನಲ್ಲಿ ಸಣ್ಣ ವ್ಯಾಪಾರಿಗಳ ಲೆಕ್ಕ ಬರೆಯುತ್ತೇನೆ. ಅದರಲ್ಲಿ ಬೈಲಕುಪ್ಪೆಯ ಅಂಗಡಿಗಳೂ ಇವೆ. ಅವರಿಗೆ ಹಿತ್ತಾಳೆ ಬಟ್ಟಲು, ಪ್ರಾರ್ಥನೆಯ ಬಾವುಟ ಎಲ್ಲ ಕಠ್ಮಂಡುವಿನಿಂದ ಬರುತ್ತವೆ. ಕೊಳ್ಳುವವರಲ್ಲಿ ಭೂತಾನದವರೂ ಇದ್ದಾರೆ. ಹಾಗಾಗಿ ಇಂಥ ದಿನ ನೇಪಾಳಿ ರೂಪಾಯಿಗೂ ನ್ಗುಲ್ಟ್ರಮ್‌ಗೂ ದರ ಎಷ್ಟಿತ್ತು ಅಂತ ಹುಡುಕುವ ಕೆಲಸ ಆಗಾಗ ಬೀಳುತ್ತದೆ. ಅದಕ್ಕೆಂದೇ ಒಂದು ಕರೆನ್ಸಿ ಆ್ಯಪ್‌ಗೆ ವರ್ಷ ವರ್ಷ ದುಡ್ಡು ಕಟ್ಟುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ತೊಂದರೆ ಇರುವುದು ಲೆಕ್ಕ ಮಾಡುವ ರೀತಿಯಲ್ಲಿ, ಬೇರೆ ಆ್ಯಪ್ ಹಾಕಿಕೊಂಡವರಿಗೂ ಇದು ಗೊತ್ತಿರಲಿ.

ಮೊದಲು ಒಳ್ಳೆಯದು. ಆ್ಯಪ್ ಬೇಗ ತೆರೆಯುತ್ತದೆ. ತಾರೀಖು ಹಾಕಿದರೆ ಸಾಕು, ದರ ಬರುತ್ತದೆ. ಇಡೀ ತಿಂಗಳದ್ದನ್ನು ಎಕ್ಸೆಲ್‌ಗೆ ಇಳಿಸಿಕೊಳ್ಳಬಹುದು. ಡಾಲರ್, ಯೂರೋ ಲೆಕ್ಕಕ್ಕೆ ನನಗೆ ಇದುವರೆಗೆ ಯಾವ ತಕರಾರೂ ಇಲ್ಲ.

ತಕರಾರು ಇರುವುದು ಈ ಜೋಡಿಯದ್ದೇ. 1993ರ ಫೆಬ್ರವರಿಯಿಂದ ಭಾರತದ 100 ರೂಪಾಯಿಗೆ ನೇಪಾಳದ 160 ರೂಪಾಯಿ ಅಂತ ಕಟ್ಟಿಬಿಟ್ಟಿದ್ದಾರೆ. ನ್ಗುಲ್ಟ್ರಮ್ ಅಂತೂ 1974ರಲ್ಲಿ ಬಂದಾಗಿನಿಂದ ನಮ್ಮ ರೂಪಾಯಿಗೆ ಸರಿಸಮ. ಅಂದರೆ 1 ನ್ಗುಲ್ಟ್ರಮ್‌ಗೆ 1.60 ನೇಪಾಳಿ ರೂಪಾಯಿ, ಇವತ್ತಾದರೂ ಅಷ್ಟೇ, ಇಪ್ಪತ್ತು ವರ್ಷದ ಹಿಂದಾದರೂ ಅಷ್ಟೇ. ಗ್ರಾಫ್ ನೆಟ್ಟಗೆ ಗೀಟು ಎಳೆದ ಹಾಗಿರಬೇಕು, ಅಲ್ವಾ? ಆ್ಯಪ್‌ನಲ್ಲಿ ಹಾಗಿಲ್ಲ. ಒಂದು ದಿನ 1.58, ಇನ್ನೊಂದು ದಿನ 1.62. ಹತ್ತಿರದಿಂದ ನೋಡಿದರೆ ಗರಗಸದ ಹಲ್ಲು.

ಕಾರಣ ಇಷ್ಟೇ. ಈ ಎರಡು ದುಡ್ಡನ್ನು ನೇರವಾಗಿ ಕೊಂಡು ಮಾರುವ ದೊಡ್ಡ ಮಾರುಕಟ್ಟೆ ಎಲ್ಲೂ ಇಲ್ಲ. ಒಂದು ಡಾಲರಿಗೆ ನೇಪಾಳದ್ದು ಎಷ್ಟು, ಭೂತಾನದ್ದು ಎಷ್ಟು ಅಂತ ಬೇರೆ ಬೇರೆ ತಗೊಂಡು ಭಾಗಿಸುತ್ತಾರೆ. ನೇಪಾಳದ ಕೇಂದ್ರ ಬ್ಯಾಂಕ್ ಆದ ನೇಪಾಳ ರಾಷ್ಟ್ರ ಬ್ಯಾಂಕ್ ದಿನಕ್ಕೊಂದು ದರ ಪ್ರಕಟಿಸುತ್ತದೆ. ನಮ್ಮ ರೂಪಾಯಿಯ ಡಾಲರ್ ದರ ಮಾತ್ರ ದಿನವಿಡೀ ಓಡುತ್ತಿರುತ್ತದೆ, ಅದರ ಜೊತೆಗೆ ನ್ಗುಲ್ಟ್ರಮ್ ಕೂಡ. ಹಿಂದಿನ ದಿನದ ಒಂದು ದರ, ಇವತ್ತಿನ ಒಂದು ದರ ಸೇರಿದರೆ ಉತ್ತರ ತಪ್ಪುತ್ತದೆ. 2013ರ ಆಗಸ್ಟ್ 28 ನೆನಪಿದೆಯಾ? ಒಂದೇ ದಿನದಲ್ಲಿ ಡಾಲರ್ 66 ರೂಪಾಯಿ ಚಿಲ್ಲರೆಯಿಂದ 68.80ರ ಹತ್ತಿರಕ್ಕೆ ಹಾರಿತ್ತು. ಹಿಂದಿನ ದಿನದ ಲೆಕ್ಕದಲ್ಲಿ ಡಾಲರಿಗೆ ಸುಮಾರು 106 ನೇಪಾಳಿ ರೂಪಾಯಿ. ಅದನ್ನು 68.80ರಿಂದ ಭಾಗಿಸಿ ನೋಡಿ, 1.54 ಬರುತ್ತದೆ. ಅವತ್ತು ಯಾರೂ ಆ ದರದಲ್ಲಿ ಒಂದು ರೂಪಾಯಿಯನ್ನೂ ಕೊಟ್ಟು ತೆಗೆದುಕೊಂಡಿರುವುದಿಲ್ಲ. ಆದರೂ ಇಂಥ ಅಂಕಿ ಪರದೆಯ ಮೇಲೆ ನಾಲ್ಕು ದಶಮಾಂಶದ ಸಮೇತ ಕೂತಿರುತ್ತದೆ. ಸಣ್ಣ ಅಂಗಡಿಯವರು ಅದನ್ನು ನಂಬಿ ಬಿಲ್ ಮಾಡಿದರೆ ನೂರಕ್ಕೆ ಮೂರು ನಾಲ್ಕು ರೂಪಾಯಿ ಸುಮ್ನೆ ಹೋಗುತ್ತದೆ. ಗ್ರಾಫ್ ಕೆಳಗೆ ‘ಈ ಎರಡೂ ಭಾರತದ ರೂಪಾಯಿಗೆ ಕಟ್ಟಿದ ದುಡ್ಡು’ ಅಂತ ಒಂದು ಸಾಲು ಹಾಕಿ ಎಂದು ಕಂಪನಿಗೆ ಬರೆದೆ. ಸಿದ್ಧ ಉತ್ತರ ಬಂತು, ಸಾಲು ಬರಲಿಲ್ಲ.

ಗೀಟು ನೆಟ್ಟಗಿದ್ದ ಮಾತ್ರಕ್ಕೆ ಎಲ್ಲ ಸರಿ ಇತ್ತು ಅಂತಲೂ ಅಲ್ಲ. 2012ರಲ್ಲಿ ಭೂತಾನದಲ್ಲಿ ನಮ್ಮ ರೂಪಾಯಿಗೇ ಬರ ಬಂದಿತ್ತು. ಬ್ಯಾಂಕಿನಲ್ಲಿ ಕೇಳಿದಷ್ಟು ರೂಪಾಯಿ ಕೊಡುತ್ತಿರಲಿಲ್ಲ. ದರ ಮಾತ್ರ ಒಂದಕ್ಕೆ ಒಂದೇ. ಇಂಥದ್ದನ್ನು ಯಾವ ಗ್ರಾಫೂ ತೋರಿಸುವುದಿಲ್ಲ, ಅದು ಆ್ಯಪ್‌ನ ತಪ್ಪಲ್ಲ.

ಇನ್ನೊಂದು ಕೊರತೆ, ತೀರಾ ಹಳೆಯದು ಸಿಗುವುದಿಲ್ಲ. ಒಬ್ಬ ಹಿರಿಯ ಅಂಗಡಿಯವರ ಖಾತೆ ಪುಸ್ತಕದಲ್ಲಿ ಒಂದು ಪುಟದಲ್ಲಿ ನಮ್ಮ 100ಕ್ಕೆ ನೇಪಾಳದ 145, ಮುಂದಿನ ಪುಟದಲ್ಲಿ 170 ಅಂತ ಬರೆದಿತ್ತು. ಮಗ ಅದನ್ನು ಬರೆದವರ ಕೈತಪ್ಪು ಅಂದುಕೊಂಡಿದ್ದ. ಕೈತಪ್ಪಲ್ಲ. 1985ರ ನವೆಂಬರ್ ಕೊನೆಗೆ ನೇಪಾಳ ತನ್ನ ರೂಪಾಯಿಯ ಬೆಲೆ ಇಳಿಸಿತ್ತು. ಅದಕ್ಕೂ ಹಿಂದೆ 1966ರ ಜೂನ್‌ನಲ್ಲಿ ಭಾರತವೇ ರೂಪಾಯಿ ಇಳಿಸಿದಾಗ ನೇಪಾಳ ಇಳಿಸಲಿಲ್ಲ, ಆಗ 160 ಇದ್ದದ್ದು 101ಕ್ಕೆ ಬಂದಿತ್ತು. ಮಾರನೇ ವರ್ಷದ ಡಿಸೆಂಬರ್‌ನಲ್ಲಿ ನೇಪಾಳ ಇಳಿಸಿ 135 ಆಯಿತು. ಈ ಕಥೆಯೆಲ್ಲ ಎಷ್ಟು ಚೆನ್ನಾಗಿದೆ! ನನ್ನ ಆ್ಯಪ್‌ನಲ್ಲಿ ಗ್ರಾಫ್ ಶುರುವಾಗುವ ಹೊತ್ತಿಗೆ ಇದೆಲ್ಲ ಮುಗಿದಿರುತ್ತದೆ.

ತಾರೀಖಿನ ವಿಷಯ ಒಂದಿದೆ. ಕಠ್ಮಂಡುವಿನ ಬಿಲ್ ವಿಕ್ರಮ ಶಕೆಯ ತಾರೀಖಿನಲ್ಲಿ, ಅಂದರೆ ನೇಪಾಳದ ಪಂಚಾಂಗದ ಪ್ರಕಾರ ಬರುತ್ತದೆ. ಚೈತ್ರ 2076 ಅಂತಿದ್ದರೆ ಅದು 2020ರ ಮಾರ್ಚ್ ಮಧ್ಯದಿಂದ ಏಪ್ರಿಲ್ ಮಧ್ಯದವರೆಗೆ. ನಮಗೆ ಚೈತ್ರ ಯುಗಾದಿಯ ತಿಂಗಳು, ವರ್ಷದ ಮೊದಲು. ಅವರಿಗೆ ವರ್ಷದ ಕೊನೆಯ ತಿಂಗಳು. ಆ್ಯಪ್ ಈ ತಾರೀಖು ತಗೊಳ್ಳುವುದಿಲ್ಲ, ಬೇರೆ ಕಡೆ ಬದಲಿಸಿಕೊಂಡು ಬರಬೇಕು.

ನನ್ನ ಕಡೆಯಿಂದ 5ಕ್ಕೆ 3 ಸ್ಟಾರ್. ಡಾಲರ್ ಲೆಕ್ಕಕ್ಕಾಗಿ ಇಟ್ಟುಕೊಳ್ಳುತ್ತೇನೆ. ಈ ಜೋಡಿಗೆ ಮಾತ್ರ ನೇಪಾಳ ರಾಷ್ಟ್ರ ಬ್ಯಾಂಕ್‌ನ ವೆಬ್‌ಸೈಟ್ ನೋಡಿ. ದುಡ್ಡು ಕೊಡಬೇಕಿಲ್ಲ. ಹಳೆಯ ತಾರೀಖಿನ ಪಟ್ಟಿಯೂ ಅಲ್ಲೇ ಇದೆ. ಆಡಿಟರ್ ಕೇಳಿದರೆ ಪ್ರಿಂಟ್ ಹಾಕಿ ಕೊಡಬಹುದು. ಅಲ್ಲಿ ಭಾರತದ ರೂಪಾಯಿ ಕೊಳ್ಳುವ ದರ 160.00, ಮಾರುವ ದರ 160.15 ಅಂತಿರುತ್ತದೆ. ಪಕ್ಕದ ಯೂನಿಟ್ ಕಾಲಂ ಮೇಲೆ ಕಣ್ಣಿಡಿ. ನಮ್ಮ ರೂಪಾಯಿ 100ರ ಲೆಕ್ಕ, ಜಪಾನಿನ ಯೆನ್ 10ರ ಲೆಕ್ಕ, ಡಾಲರ್ ಒಂದರ ಲೆಕ್ಕ.