ಹಣ್ಣಿನ ಮೇಲೆ ನಾಲ್ಕು ತರದ ಪೆಲೆಟ್: ಯಾವ ಡಬ್ಬಿ ತಗೋಬೇಕು?

ಮೊದಲೇ ಹೇಳಿಬಿಡುತ್ತೇನೆ. ಏರ್ ಪಿಸ್ತೂಲಿಗೆ ಪೆಲೆಟ್, ಅಂದರೆ ಗಾಳಿಯ ಒತ್ತಡದಿಂದ ಹಾರುವ ಸೀಸದ ಪುಟ್ಟ ಗುಂಡು ಹುಡುಕುತ್ತಿದ್ದರೆ ಚಪ್ಪಟೆ ತಲೆಯದು ಒಂದು ಡಬ್ಬಿ, ದುಂಡು ತಲೆಯದು ಒಂದು ಡಬ್ಬಿ ತಗೊಳ್ಳಿ, ಸಾಕು. ಮೂತಿಯಲ್ಲಿ ಕುಳಿ ಇರೋ ಹಾಲೋ ಪಾಯಿಂಟ್‌ಗೆ ದುಡ್ಡು ಹಾಕಬೇಡಿ.

ಹುಬ್ಬಳ್ಳಿಯ ಒಂದು ಅಂಗಡಿಯಲ್ಲಿ ನಾಲ್ಕು ತರದವೂ ಸಿಕ್ಕವು: ಚಪ್ಪಟೆ ತಲೆ, ದುಂಡು ತಲೆ, ಚೂಪು ತಲೆ, ಹಾಲೋ ಪಾಯಿಂಟ್. ಎಲ್ಲದರ ಅಡ್ಡಗಲ 0.177 ಇಂಚು, ಅಂದರೆ 4.5 ಮಿಮೀ. ಅಂಗಡಿಯವರು 0.22ರ ಡಬ್ಬಿಯನ್ನೂ ಮುಂದಿಟ್ಟು "ಇದು ಇನ್ನೂ ಜೋರು ಸರ್" ಅಂದರು. ನನ್ನ ಪಿಸ್ತೂಲಿಗೆ ಅದು ಕೂರುವುದೇ ಇಲ್ಲ. ಅದೂ ಅಲ್ಲದೆ 2016ರ ಆರ್ಮ್ಸ್ ರೂಲ್ಸ್ ಪ್ರಕಾರ ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳೋಕೆ ಆಗೋದು ನಳಿಗೆ 4.5 ಮಿಮೀ ಮತ್ತು ಹೊರಬರೋ ಪೆಲೆಟ್ಟಿನ ಶಕ್ತಿ 20 ಜೂಲ್ ಮಿತಿಯೊಳಗಿನ ಏರ್ ಗನ್ ಮಾತ್ರ. ಮಾರುವವರಿಗೇ ಇದು ಗೊತ್ತಿಲ್ಲ ಅಂದ್ರೆ ಏನು ಹೇಳೋದು.

ಜಾಗ ಕುಂದಗೋಳ ಕಡೆ ಕಾಕಾನ ಹೊಲ. ಹಿಂದೆ ಎತ್ತರದ ಮಣ್ಣಿನ ಒಡ್ಡು, ಮುಂದೆ ಹಳೇ ಹಲಗೆ, ಅದರ ಮೇಲೆ ಕಳಿತು ಮಾರಾಟಕ್ಕೆ ಬಾರದ ಕಲ್ಲಂಗಡಿ, ಪಪ್ಪಾಯಿ, ಟೊಮೆಟೊ, ಜೊತೆಗೆ ಧಾರವಾಡದ ಪೇರಲ. ದೂರ ಹತ್ತು ಮೀಟರ್. ಕಣ್ಣಿಗೆ ಕನ್ನಡಕ. ಕಾಕಾ ನೋಡಿ "ಹಣ್ಣ ಒಡಿಯಾಕ ಪಿಸ್ತೂಲ್ ಯಾಕ ಬೇಕೋ ತಮ್ಮಾ, ಕಲ್ಲ ಒಗದ್ರ ಸಾಕಲ್ಲ" ಅಂದ. ಅದೂ ಖರೇನೇ.

ಯಾಕಂದ್ರೆ ಕಲ್ಲಂಗಡಿ ಒಡೆಯುವುದಿಲ್ಲ. ಅಮೆರಿಕದವರು ಕಲ್ಲಂಗಡಿ ಸಿಡಿಸೋ ವಿಡಿಯೊ ನೋಡಿ ಆಸೆಪಟ್ಟಿದ್ದರೆ ಬಿಟ್ಟುಬಿಡಿ. ಅಲ್ಲಿ ಹಾರಿಸೋದು 9 ಎಂಎಂ, ಅಂದರೆ ಮದ್ದು ತುಂಬಿದ ನಿಜವಾದ ಪಿಸ್ತೂಲಿನ ಗುಂಡು. ಏಳೆಂಟು ಗ್ರಾಂ ಗುಂಡು, ಸೆಕೆಂಡಿಗೆ 350 ಮೀಟರ್ ಆಸುಪಾಸು, ಶಕ್ತಿ ಸುಮಾರು 500 ಜೂಲ್. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ನೀರೇ ಇರೋದು, ನೀರನ್ನು ಅದುಮಿ ಚಿಕ್ಕದು ಮಾಡೋಕೆ ಆಗಲ್ಲ, ಗುಂಡು ಅದನ್ನು ಒಮ್ಮೆಲೇ ಪಕ್ಕಕ್ಕೆ ತಳ್ಳಿದಾಗ ಸಿಪ್ಪೆ ಹಿಗ್ಗಲಾರದೆ ಸಿಡಿಯುತ್ತದೆ. ನಮ್ಮ ಪೆಲೆಟ್ ಅರ್ಧ ಗ್ರಾಂ. ಸೆಕೆಂಡಿಗೆ 120 ಮೀಟರ್ ಹೋಯಿತು ಅಂದುಕೊಂಡರೂ ನಾಲ್ಕು ಜೂಲ್ ಆಗಲ್ಲ. 9 ಎಂಎಂನ ನೂರನೇ ಒಂದು ಪಾಲೂ ಅಲ್ಲ.

ಆದರೆ ತಲೆಯ ಆಕಾರದ ವ್ಯತ್ಯಾಸ ಮಾತ್ರ ಹಣ್ಣಿನಲ್ಲಿ ಚೆನ್ನಾಗಿ ಕಾಣುತ್ತದೆ. ಪೇರಲ ಇದಕ್ಕೆ ಹೇಳಿ ಮಾಡಿಸಿದ ಹಣ್ಣು. ಚಪ್ಪಟೆ ಪೆಲೆಟ್ ಬಿದ್ದ ಕಡೆ ಪಂಚಿಂಗ್ ಮಷಿನ್‌ನಲ್ಲಿ ತೂತು ಹಾಕಿದ ಹಾಗೆ ದುಂಡಗೆ, ಅಂಚು ಚೊಕ್ಕ. ಕತ್ತರಿಸಿ ನೋಡಿದರೆ ಸಿಪ್ಪೆಯ ಪುಟ್ಟ ಬಿಲ್ಲೆ ಪೆಲೆಟ್ಟಿನ ಮುಂದೆ ಅಂಟಿಕೊಂಡೇ ಒಳಗೆ ಹೋಗಿತ್ತು. ಹತ್ತು ಮೀಟರ್ ಸ್ಪರ್ಧೆಯಲ್ಲಿ ಎಲ್ಲರೂ ಇದನ್ನೇ ಬಳಸೋದು ಈ ಚೊಕ್ಕ ತೂತಿಗಾಗಿಯೇ, ಕಾಗದದ ಮೇಲೆ ಅಂಕ ಲೆಕ್ಕ ಹಾಕೋದು ಸುಲಭ. ಚೂಪಿನದು ಬಿದ್ದ ಕಡೆ ಸಿಪ್ಪೆ ಮುಚ್ಚಿಕೊಂಡುಬಿಡುತ್ತದೆ, ತೂತು ಹುಡುಕಬೇಕು. ಪಪ್ಪಾಯಿಯಲ್ಲಿ ಎಲ್ಲಕ್ಕಿಂತ ಆಳ ಹೋದದ್ದು ಅದೇ, ಆದರೆ ಗುರಿ ಒಂದು ಕಡೆ, ಬೀಳೋದು ಒಂದು ಕಡೆ. ಡಬ್ಬಿಯೊಳಗೇ ಕೆಲವದರ ತುದಿ ಸೊಟ್ಟಗಾಗಿದ್ದವು, ಸೀಸ ಮೆತ್ತಗಿನ ಲೋಹ ಅಲ್ವಾ.

ದುಂಡು ತಲೆಯದು ಜಾಸ್ತಿ ಮಾತಾಡಿಸದೆ ಹೇಳಿದ ಕಡೆ ಹೋಗಿ ಬೀಳುತ್ತದೆ. ಟೊಮೆಟೊ ಈ ಕಡೆಯಿಂದ ಆ ಕಡೆಗೆ ಪಾರು, ಹಿಂದಿನಿಂದ ಬೀಜ ಚಿಲ್ಲೆಂದು ಹಾರಿತು. ಅದೊಂದೇ ಸ್ವಲ್ಪ ಸಿನಿಮಾ ತರ ಇತ್ತು.

ಇನ್ನು ಹಾಲೋ ಪಾಯಿಂಟ್. ಡಬ್ಬಿ ಮೇಲೆ ಹೂವಿನ ತರ ಅರಳಿದ ಪೆಲೆಟ್ಟಿನ ಚಿತ್ರ, ಬೆಲೆ ಉಳಿದವಕ್ಕಿಂತ ದುಪ್ಪಟ್ಟು ಹತ್ತಿರ. ಕಲ್ಲಂಗಡಿಗೆ ಹೊಡೆದು, ಕೊಯ್ದು, ಬೆರಳು ಹಾಕಿ ಹೊರಗೆ ತೆಗೆದೆ. ಹಾಕಿದ್ದು ಹೇಗಿತ್ತೋ ಹಾಗೇ ಇತ್ತು. ಮೂತಿಯ ಕುಳಿಯಲ್ಲಿ ಒಂದಿಷ್ಟು ಕೆಂಪು ತಿರುಳು, ಅಷ್ಟೇ. ತಲೆ ಅರಳೋಕೆ ವೇಗ ಬೇಕು, ಅದು ಈ ಪಿಸ್ತೂಲಿನಲ್ಲಿ ಇಲ್ಲ. ಜೋರಿನ ಏರ್ ರೈಫಲ್ ಇದ್ದವರಿಗೆ ಲೆಕ್ಕ ಬೇರೆ ಇರಬಹುದು, ಪಿಸ್ತೂಲಿನವರಿಗೆ ಇದು ಸುಮ್ನೆ ಖರ್ಚು.

ಸಿದ್ಧಾರೂಢರ ಜಾತ್ರೆಯಲ್ಲಿ ಬಲೂನಿಗೆ ಹೊಡೆದು ರುಚಿ ಹತ್ತಿದವರಿಗೆ ಚಪ್ಪಟೆ ಡಬ್ಬಿಯೇ ಖುಷಿ ಕೊಡುತ್ತದೆ. ಬಲೂನಿಗಿಂತ ಪೇರಲ ವಾಸಿ, ಎಲ್ಲಿ ಬಿತ್ತು ಅಂತ ಗೊತ್ತಾಗುತ್ತದೆ.

ಒಂದು ಮಾತ್ರ ನೆನಪಿಡಿ. ಹೊಡೆದ ಹಣ್ಣನ್ನು ದನಕ್ಕೆ ಹಾಕಬೇಡಿ, ಒಳಗಿರೋದು ಸೀಸ, ವಿಷ. ಕಾಕಾ ಅಭ್ಯಾಸಬಲದಿಂದ ಬುಟ್ಟಿ ಎತ್ತಿ ಕೊಟ್ಟಿಗೆ ಕಡೆ ಹೊರಟೇಬಿಟ್ಟಿದ್ದ, ತಡೆದು ಎಲ್ಲ ಚೀಲಕ್ಕೆ ತುಂಬಿ ಬೇರೆ ಮಾಡಿದೆವು. ಕೈ ಸೋಪು ಹಾಕಿ ತೊಳೆದ ಮೇಲೇನೇ ಬುತ್ತಿ ಬಿಚ್ಚಿ.