ಹಿರೋಶಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯ: ದೇಶನಾಯಕರಿಗೆ ನಲವತ್ತು ನಿಮಿಷ ಸಾಕೇ?

ಹಿರೋಶಿಮಾ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದ ಪ್ರವೇಶ ಶುಲ್ಕ ವಯಸ್ಕರಿಗೆ 200 ಯೆನ್, ಹೈಸ್ಕೂಲು ವಿದ್ಯಾರ್ಥಿಗಳಿಗೆ 100 ಯೆನ್, ಅದಕ್ಕಿಂತ ಚಿಕ್ಕ ತರಗತಿಯ ಮಕ್ಕಳಿಗೆ ಉಚಿತ. ಪ್ರಧಾನಿಗಳಿಗೋ ಅಧ್ಯಕ್ಷರಿಗೋ ಬೇರೆ ದರವಿಲ್ಲ. ಆದರೂ ಒಳಹೊಕ್ಕು ಹೊರಬರುವಷ್ಟರಲ್ಲಿ, ಈ ಸಂಗ್ರಹಾಲಯ ಎಪ್ಪತ್ತು ವರ್ಷಗಳಿಂದ ಮುಖ್ಯವಾಗಿ ಕಾಯುತ್ತಿರುವುದು ಅವರನ್ನೇ ಎಂದು ನನಗೆ ಅನ್ನಿಸಿತು. ಹಿರೋಶಿಮಾದ ಮೇಯರ್ ಪ್ರತಿ ಆಗಸ್ಟ್ 6ರಂದು ಓದುವ ಶಾಂತಿ ಘೋಷಣೆಯಲ್ಲಿ ಜಗತ್ತಿನ ನಾಯಕರಿಗೆ ಮಾಡುವ ವಿನಂತಿ ಹೆಚ್ಚುಕಡಿಮೆ ಒಂದೇ: ಇಲ್ಲಿಗೆ ಬನ್ನಿ, ಕಣ್ಣಾರೆ ನೋಡಿ, ಆಮೇಲೆ ಅಣ್ವಸ್ತ್ರಗಳನ್ನು ಇಟ್ಟುಕೊಳ್ಳಬೇಕೋ ಬೇಡವೋ ನಿರ್ಧರಿಸಿ. ಹಾಗಾಗಿ ಇದನ್ನು ಪ್ರವಾಸಿ ತಾಣ ಎನ್ನುವುದಕ್ಕಿಂತ ನಾಯಕರ ಮುಂದಿಟ್ಟ ಅಹವಾಲು ಎಂದುಕೊಂಡು, ಆ ಅಹವಾಲು ತನ್ನ ಕೆಲಸವನ್ನು ಎಷ್ಟು ಚೆನ್ನಾಗಿ ಮಾಡುತ್ತಿದೆ ಎಂಬ ಪ್ರಶ್ನೆಯೊಂದಿಗೆ ಈ ವಿಮರ್ಶೆ ಬರೆಯುತ್ತಿದ್ದೇನೆ.

ವಾಸ್ತುಶಿಲ್ಪಿ ಕೆಂಜೊ ಟಾಂಗೆ ವಿನ್ಯಾಸಗೊಳಿಸಿದ ಮುಖ್ಯ ಕಟ್ಟಡ 1955ರಲ್ಲಿ ತೆರೆಯಿತು. ಕಂಬಗಳ ಮೇಲೆ ನೆಲದಿಂದ ಎತ್ತರಕ್ಕೆ ನಿಂತ ಉದ್ದನೆಯ ಕಾಂಕ್ರೀಟು ಕಟ್ಟಡ ಅದು. ಪಕ್ಕದಲ್ಲಿ ಪೂರ್ವ ಕಟ್ಟಡವಿದ್ದು, ಎರಡನ್ನೂ ಮೇಲಿನಿಂದ ಒಂದು ಓಣಿ ಜೋಡಿಸುತ್ತದೆ. ಟಿಕೆಟ್ ಪಡೆದವರು ಪೂರ್ವ ಕಟ್ಟಡದ ಮೇಲಂತಸ್ತಿಗೆ ಹೋಗಿ, ಅಲ್ಲಿಂದ ಮುಖ್ಯ ಕಟ್ಟಡವನ್ನು ದಾಟಿ, ಮತ್ತೆ ಪೂರ್ವ ಕಟ್ಟಡಕ್ಕೆ ಮರಳಿ ಕೆಳಗಿಳಿಯಬೇಕು. ಸಾಗುವ ದಿಕ್ಕು ಒಂದೇ ಆಗಿರುವುದರಿಂದ ದಾರಿ ತಪ್ಪುವ ಭಯವಿಲ್ಲ. ಆದರೆ ಈ ಏರ್ಪಾಡಿನಲ್ಲಿ ಒಂದು ತೊಡಕೂ ಇದೆ, ಅದನ್ನು ಮುಂದೆ ಹೇಳುತ್ತೇನೆ.

ಮೊದಲ ಕೋಣೆಯಲ್ಲಿ ನಗರದ ದುಂಡನೆಯ ಮಾದರಿಯೊಂದಿದೆ. ಸುತ್ತಲೂ ನಿಂತು ನೋಡುತ್ತಿದ್ದರೆ ನದಿಗಳು, ಸೇತುವೆಗಳು, ಒತ್ತೊತ್ತಾದ ಮನೆಗಳಿಂದ ತುಂಬಿದ ಊರಿನ ಮೇಲೆ ಬಾಂಬು ಬೀಳುವ ದೃಶ್ಯವನ್ನು ಮೇಲಿನಿಂದ ಬೆಳಕಿನಲ್ಲಿ ಮೂಡಿಸುತ್ತಾರೆ. 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷ. ನೆಲದಿಂದ ಸುಮಾರು 600 ಮೀಟರ್ ಎತ್ತರ. ಬಾಂಬಿನೊಳಗಿದ್ದ ಯುರೇನಿಯಂ ಸುಮಾರು 64 ಕಿಲೋಗ್ರಾಂ, ಅದರಲ್ಲಿ ನಿಜವಾಗಿ ವಿದಳನಗೊಂಡದ್ದು ಒಂದು ಕಿಲೋಗ್ರಾಮಿಗಿಂತಲೂ ಕಡಿಮೆ. ಆ ವರ್ಷದ ಕೊನೆಯ ಹೊತ್ತಿಗೆ ಸತ್ತವರು ಅಂದಾಜು 1,40,000 ಮಂದಿ. ಮಾದರಿಯ ಮೇಲೆ ಬೆಳಕು ಮಿಂಚಿ, ಊರು ಕಂದು ಬಣ್ಣಕ್ಕೆ ತಿರುಗಲು ಕೆಲವೇ ಕ್ಷಣ ಸಾಕು. ತಾಂತ್ರಿಕವಾಗಿ ಇದು ಅಚ್ಚುಕಟ್ಟಾಗಿದೆ. ಆದರೆ ಇಲ್ಲಿ ನಾವು ನಿಂತಿರುವುದು ಬಾಂಬು ಹಾಕಿದವರ ಎತ್ತರದಲ್ಲಿ, ಯುದ್ಧದ ಕೋಣೆಗಳಲ್ಲಿ ನಕ್ಷೆಯ ಮೇಲೆ ಬಾಗಿ ನಿಲ್ಲುವವರ ಎತ್ತರದಲ್ಲಿ. ಬೇಕೆಂದೇ ಹೀಗೆ ಮಾಡಿದ್ದಾರೋ ಗೊತ್ತಿಲ್ಲ, ಮುಂದಿನ ಕೋಣೆಗೆ ಮಾತ್ರ ಇದು ಒಳ್ಳೆಯ ಪೀಠಿಕೆಯಾಗಿದೆ.

ಏಕೆಂದರೆ ಮುಖ್ಯ ಕಟ್ಟಡಕ್ಕೆ ಕಾಲಿಟ್ಟೊಡನೆ ಆ ಎತ್ತರ ಇಲ್ಲವಾಗುತ್ತದೆ. ಬೆಳಕು ತೀರಾ ಮಂದ, ಗೋಡೆಗಳು ಕಪ್ಪು, ಮಾತಿನ ಸದ್ದಿಲ್ಲ. 2019ರ ಏಪ್ರಿಲ್‌ನಲ್ಲಿ ನವೀಕರಣಗೊಂಡು ಮರಳಿ ತೆರೆದ ಈ ಭಾಗದಲ್ಲಿ ವಿವರಣೆಯ ಫಲಕಗಳು ಕಡಿಮೆ, ವಸ್ತುಗಳು ಹೆಚ್ಚು. ನಾನು ಅತಿ ಹೆಚ್ಚು ಹೊತ್ತು ನಿಂತದ್ದು ಒಂದು ಊಟದ ಡಬ್ಬಿಯ ಮುಂದೆ. ಬೆಂಕಿ ಹರಡದಂತೆ ಮನೆಗಳನ್ನು ಕೆಡವಿ ಬಯಲು ಮಾಡುವ ಕೆಲಸಕ್ಕೆ ಆ ದಿನಗಳಲ್ಲಿ ಶಾಲಾಮಕ್ಕಳನ್ನು ಹಚ್ಚಿದ್ದರು. ಆ ಕೆಲಸದಲ್ಲಿದ್ದ ಆರು ಸಾವಿರದಷ್ಟು ಮಕ್ಕಳು ಸತ್ತರು. ಅವರಲ್ಲೊಬ್ಬನ ಬುತ್ತಿ ಇದು. ಡಬ್ಬಿಯ ಅಂಚು ಸೊಟ್ಟಗಾಗಿದೆ, ಒಳಗೆ ಅನ್ನವಿದ್ದ ಜಾಗದಲ್ಲಿ ಕರಿಯ ಇದ್ದಿಲಿನ ಉಂಡೆ ಇದೆ. ಮಗನ ಗುರುತು ಹಿಡಿಯಲಾಗದ ದೇಹದ ಕೆಳಗೆ ಈ ಡಬ್ಬಿಯನ್ನು ಕಂಡೇ ತಾಯಿ ಅವನನ್ನು ಗುರುತಿಸಿದರು. ಅಲ್ಲಿರುವ ಬರಹ ಇಷ್ಟೇ, ಒಂದು ವಿಶೇಷಣವೂ ಇಲ್ಲ. ಪಕ್ಕದಲ್ಲಿ ನಿಂತಿದ್ದ ಹಿರಿಯರೊಬ್ಬರು ತಮ್ಮ ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹಾಕಿಕೊಂಡರು, ಆದರೂ ಓದಲಾಗದೆ ಮುಂದೆ ನಡೆದರು.

ಮೂರು ಗಾಲಿಯ ಪುಟ್ಟ ಸೈಕಲ್ಲಿನದು ಇನ್ನೊಂದು ಬಗೆಯ ಕತೆ. ನಾಲ್ಕು ವರ್ಷವೂ ತುಂಬದ ಹುಡುಗನೊಬ್ಬ ಸ್ಫೋಟದ ಕೇಂದ್ರದಿಂದ ಸುಮಾರು 1,500 ಮೀಟರ್ ದೂರದಲ್ಲಿ, ತನ್ನ ಮನೆಯ ಮುಂದೆ ಇದನ್ನು ತುಳಿಯುತ್ತಿದ್ದ. ಅಂದೇ ರಾತ್ರಿ ಅವನು ತೀರಿಕೊಂಡಾಗ, ಅಷ್ಟು ಚಿಕ್ಕ ಮಗುವನ್ನು ಒಂಟಿಯಾಗಿ ದೂರದ ಸ್ಮಶಾನಕ್ಕೆ ಕಳಿಸಲು ಮನಸ್ಸಾಗದ ತಂದೆ ಸೈಕಲ್ಲಿನೊಂದಿಗೇ ಹಿತ್ತಲಲ್ಲಿ ಮಣ್ಣು ಮಾಡಿದರು. ನಲವತ್ತು ವರ್ಷಗಳ ನಂತರ, 1985ರಲ್ಲಿ, ಅಸ್ಥಿಗಳನ್ನು ಕುಟುಂಬದ ಸಮಾಧಿಗೆ ಸಾಗಿಸಲು ಅಗೆದಾಗ ಸೈಕಲ್ಲೂ ಹೊರಬಂತು; ತಂದೆ ಅದನ್ನು ಸಂಗ್ರಹಾಲಯಕ್ಕೆ ಕೊಟ್ಟರು. ಅನತಿ ದೂರದಲ್ಲಿ ಬ್ಯಾಂಕೊಂದರ ಕಲ್ಲಿನ ಮೆಟ್ಟಿಲುಗಳಿವೆ. ಕೇಂದ್ರದಿಂದ 260 ಮೀಟರ್ ದೂರದಲ್ಲಿದ್ದ ಆ ಮೆಟ್ಟಿಲ ಮೇಲೆ ಬಾಗಿಲು ತೆರೆಯುವುದನ್ನು ಕಾಯುತ್ತ ಕುಳಿತಿದ್ದವರು ಯಾರೋ. ಸುತ್ತಲಿನ ಕಲ್ಲು ಶಾಖಕ್ಕೆ ಬೆಳ್ಳಗಾಗಿ, ಅವರು ಕುಳಿತ ಜಾಗ ಮಾತ್ರ ಕಪ್ಪಾಗಿ ಉಳಿದಿದೆ.

ಹಿಂದೆ ಇಲ್ಲಿ ಸುಟ್ಟ ಚರ್ಮ ಜೋತಾಡುವ ಮನುಷ್ಯರ ಮೇಣದಂಥ ಪ್ರತಿಕೃತಿಗಳಿದ್ದವು. 2017ರಲ್ಲಿ ಅವನ್ನು ತೆಗೆದಾಗ ಸಾಕಷ್ಟು ವಿವಾದವಾಯಿತು. ಭೀಕರತೆಯನ್ನು ತಿಳಿಗೊಳಿಸುತ್ತಿದ್ದಾರೆ ಎಂಬ ಆಕ್ಷೇಪದಲ್ಲಿ ಹುರುಳಿಲ್ಲವೆಂದಲ್ಲ. ಆದರೂ ನನ್ನ ಮಟ್ಟಿಗೆ ಆ ತೀರ್ಮಾನ ಸರಿ. ಬೊಂಬೆಯನ್ನು ನೋಡಿ ಹೆದರಿದವನು ಹೊರಗೆ ಬಂದು ‘ಅದು ಬೊಂಬೆ’ ಎಂದು ಸಮಾಧಾನ ಮಾಡಿಕೊಳ್ಳಬಹುದು. ಊಟದ ಡಬ್ಬಿ ಆ ಅವಕಾಶ ಕೊಡುವುದಿಲ್ಲ.

ಮುಖ್ಯ ಕಟ್ಟಡದ ಕತ್ತಲಿನಿಂದ ಹೊರಬಂದರೆ ಉದ್ದಕ್ಕೂ ಗಾಜಿನ ಕಿಟಕಿಗಳಿರುವ ಗ್ಯಾಲರಿ. ಅಲ್ಲಿ ನಿಂತು ನೋಡಿದರೆ ಕಮಾನಿನ ಆಕಾರದ ಸ್ಮಾರಕ, ಅದರಾಚೆ ಶಾಂತಿಯ ಜ್ಯೋತಿ, ಅದರಾಚೆ ನದಿಯ ದಡದಲ್ಲಿ, ಬಾಂಬಿಗೆ ಸಿಕ್ಕಿ ಅಳಿದುಳಿದು ಅಸ್ಥಿಪಂಜರದಂತೆ ನಿಂತ ಗುಮ್ಮಟ, ಮೂರೂ ಒಂದೇ ಗೆರೆಯಲ್ಲಿ ಕಾಣುತ್ತವೆ. ಟಾಂಗೆ ಅವರ ಯೋಜನೆಯ ನಿಜವಾದ ಹಿರಿಮೆ ಇದು. 1964ರ ಆಗಸ್ಟ್ 1ರಂದು ಹೊತ್ತಿಸಿದ ಆ ಜ್ಯೋತಿಯನ್ನು ಜಗತ್ತಿನ ಕೊನೆಯ ಅಣ್ವಸ್ತ್ರ ಇಲ್ಲವಾಗುವವರೆಗೆ ಆರಿಸುವುದಿಲ್ಲವೆಂದು ಸಂಕಲ್ಪ ಮಾಡಿದ್ದಾರೆ. ಬಹುಶಃ ಆರಿಹೋಗಲಿ ಎಂದೇ ಹಾರೈಸಿ ಹೊತ್ತಿಸಿದ ಜ್ಯೋತಿ ಇದೊಂದೇ ಇರಬೇಕು. ಗ್ಯಾಲರಿಯಲ್ಲಿ ಸಂದರ್ಶಕರು ಬರೆಯಲು ಟಿಪ್ಪಣಿ ಪುಸ್ತಕಗಳನ್ನು ಇಟ್ಟಿದ್ದಾರೆ, ಕೂರಲು ಬೆಂಚುಗಳೂ ಇವೆ. ಹೆಚ್ಚಿನವರು ಬರೆಯುವುದಿಲ್ಲ, ಸುಮ್ಮನೆ ಕೂರುತ್ತಾರೆ.

ನಾನು ಹೇಳಿದ ತೊಡಕು ಶುರುವಾಗುವುದು ಇಲ್ಲಿಂದ. ಇದಾದ ಮೇಲೆ ಬರುವ ವಿಭಾಗವೇ ಅಣ್ವಸ್ತ್ರಗಳ ಅಪಾಯವನ್ನು, ಅವುಗಳ ಪೈಪೋಟಿಯನ್ನು, ಅವನ್ನು ನಿರ್ಮೂಲ ಮಾಡುವ ಪ್ರಯತ್ನಗಳನ್ನು ತಿಳಿಸುವಂಥದ್ದು. ಯಾವ ನಾಯಕ ಏನು ಮಾಡಬೇಕಾಗಿತ್ತು, ಏನು ಮಾಡಲಿಲ್ಲ ಎಂಬುದನ್ನು ಅರ್ಥ ಮಾಡಿಕೊಳ್ಳಬೇಕಾದದ್ದು ಇಲ್ಲಿ. ಆದರೆ ಅಷ್ಟರಲ್ಲಿ ಎರಡು ಗಂಟೆ ಕಳೆದಿರುತ್ತದೆ, ಮನಸ್ಸು ದಣಿದಿರುತ್ತದೆ, ಗುಂಪಿನ ಪ್ರವಾಸಿಗಳಿಗೆ ಬಸ್ಸಿನ ಹೊತ್ತಾಗಿರುತ್ತದೆ. ಡಬ್ಬಿಯ ಮುಂದೆ ಹತ್ತು ನಿಮಿಷ ನಿಂತವರು ಒಪ್ಪಂದಗಳ ಫಲಕದ ಮುಂದೆ ಹತ್ತು ಸೆಕೆಂಡೂ ನಿಲ್ಲದೆ ಸರಿದುಹೋಗುವುದನ್ನು ನಾನು ನೋಡುತ್ತಲೇ ಇದ್ದೆ. ಮರುಕ ಮತ್ತು ರಾಜಕೀಯ ಎರಡೂ ಒಂದೇ ಟಿಕೆಟ್ಟಿನಲ್ಲಿ ಸಿಗುತ್ತವೆ, ಆದರೆ ಎರಡನೆಯದನ್ನು ಪಡೆದುಕೊಳ್ಳುವ ಶಕ್ತಿ ಉಳಿದಿರುವುದಿಲ್ಲ. ನಡುವೆ ಒಂದು ಗಂಟೆ ಹೊರಗೆ ಹೋಗಿ ಬರುವ ಅನುಕೂಲವಿದ್ದರೆ ಎಷ್ಟೋ ಚೆನ್ನಾಗಿತ್ತು.

ಪೂರ್ವ ಕಟ್ಟಡದಲ್ಲಿರುವ ಶಾಂತಿಯ ಕಾವಲು ಗಡಿಯಾರವನ್ನಾದರೂ ತಪ್ಪಿಸಿಕೊಳ್ಳಬಾರದು. 2001ರಲ್ಲಿ ಸ್ಥಾಪಿಸಿದ ಈ ಗೋಪುರದಲ್ಲಿ ಎರಡು ಅಂಕಿಗಳು ಬೆಳಗುತ್ತವೆ: ಹಿರೋಶಿಮಾದ ಮೇಲೆ ಬಾಂಬು ಬಿದ್ದು ಎಷ್ಟು ದಿನವಾಯಿತು ಎಂಬುದು ಒಂದು, ಜಗತ್ತಿನಲ್ಲಿ ಕೊನೆಯ ಪರಮಾಣು ಪರೀಕ್ಷೆ ನಡೆದು ಎಷ್ಟು ದಿನವಾಯಿತು ಎಂಬುದು ಇನ್ನೊಂದು. ಮೊದಲನೆಯದು ಏರುತ್ತಲೇ ಹೋಗುತ್ತದೆ. ಎರಡನೆಯದು ಆಗಾಗ ಸೊನ್ನೆಗೆ ಮರಳುತ್ತದೆ. ಉತ್ತರ ಕೊರಿಯಾ ಕೊನೆಯದಾಗಿ ಪೂರ್ಣ ಪ್ರಮಾಣದ ಪರೀಕ್ಷೆ ನಡೆಸಿದ್ದು 2017ರ ಸೆಪ್ಟೆಂಬರ್‌ನಲ್ಲಿ. ಹಾಗಿದ್ದೂ 2024ರ ಮೇ ತಿಂಗಳಲ್ಲಿ ಅಂಕಿ ಮತ್ತೆ ಸೊನ್ನೆಗೆ ಬಂತು, ಏಕೆಂದರೆ ಅಮೆರಿಕ ನೆವಾಡಾದಲ್ಲಿ ಸರಣಿ ಕ್ರಿಯೆಯ ಹಂತ ಮುಟ್ಟದ ಪರೀಕ್ಷೆಯೊಂದನ್ನು ನಡೆಸಿತ್ತು. ಇಂಥ ಪರೀಕ್ಷೆಗಳು ಪರಮಾಣು ಪರೀಕ್ಷೆ ನಿಷೇಧ ಒಪ್ಪಂದವನ್ನು ಮೀರುವುದಿಲ್ಲ ಎನ್ನುತ್ತದೆ ಅಮೆರಿಕ. ಗಡಿಯಾರದ ಲೆಕ್ಕ ಅದನ್ನು ಒಪ್ಪುವುದಿಲ್ಲ. ಪರೀಕ್ಷೆ ನಡೆದಾಗಲೆಲ್ಲ ಆಯಾ ದೇಶದ ನಾಯಕರಿಗೆ ಪ್ರತಿಭಟನೆಯ ಪತ್ರ ಕಳಿಸುವ ಪದ್ಧತಿಯನ್ನು ಈ ನಗರದ ಮೇಯರ್‌ಗಳು 1968ರಿಂದ ಬಿಡದೆ ನಡೆಸಿಕೊಂಡು ಬಂದಿದ್ದಾರೆ, ನೂರಾರು ಪತ್ರಗಳಾಗಿವೆ. ಯಾರು ಓದಿದರೋ ಬಿಟ್ಟರೋ, ಬರೆಯುವುದನ್ನಂತೂ ನಿಲ್ಲಿಸಿಲ್ಲ.

ದೇಶನಾಯಕರಲ್ಲಿ ಕೆಲವರು ಖುದ್ದಾಗಿ ಬಂದದ್ದೂ ಉಂಟು. 1957ರ ಅಕ್ಟೋಬರ್‌ನಲ್ಲಿ ಜವಾಹರಲಾಲ್ ನೆಹರೂ ಈ ನಗರಕ್ಕೆ ಬಂದಿದ್ದರು. ಪರಮಾಣು ಪರೀಕ್ಷೆಗಳನ್ನು ನಿಲ್ಲಿಸಿರೆಂದು ಅವರು ಕರೆ ಕೊಟ್ಟು ಆಗಲೇ ಮೂರು ವರ್ಷಗಳಾಗಿದ್ದವು. 2016ರ ಮೇ 27ರಂದು ಬರಾಕ್ ಒಬಾಮಾ ಬಂದರು. ಅಧಿಕಾರದಲ್ಲಿದ್ದಾಗಲೇ ಹಿರೋಶಿಮಾಕ್ಕೆ ಬಂದ ಮೊದಲ ಅಮೆರಿಕದ ಅಧ್ಯಕ್ಷರು ಅವರು. ಇಲ್ಲಿ ಶಾಂತಿಯ ಸಂಕೇತವೆನಿಸಿದ ಕಾಗದದ ಕೊಕ್ಕರೆಗಳನ್ನು ಅವರು ತಮ್ಮ ಕೈಯಾರೆ ಮಡಿಚಿ ತಂದಿದ್ದರು; ಅವನ್ನು ಇಲ್ಲಿ ಪ್ರದರ್ಶಿಸಿದ್ದಾರೆ, ಆದರೆ ಸಂಗ್ರಹಾಲಯದೊಳಗೆ ಅವರಿದ್ದದ್ದು ಹತ್ತು ನಿಮಿಷದಷ್ಟೇ. 2023ರ ಮೇ 19ರಂದು, ಹಿರೋಶಿಮಾದಲ್ಲೇ ಸಮಾವೇಶ ಸೇರಿದ್ದ ಜಿ7 ಎಂಬ ಏಳು ಸಿರಿವಂತ ದೇಶಗಳ ಕೂಟದ ನಾಯಕರು ಒಟ್ಟಾಗಿ ಬಂದು, ಮಾಧ್ಯಮಗಳನ್ನು ಹೊರಗಿಟ್ಟು, ಸುಮಾರು 40 ನಿಮಿಷ ಒಳಗಿದ್ದರು; ಅದೇ ಸಮಾವೇಶಕ್ಕೆ ಅತಿಥಿಯಾಗಿ ಬಂದಿದ್ದ ನರೇಂದ್ರ ಮೋದಿಯವರೂ ಸಂಗ್ರಹಾಲಯ ನೋಡಿ ಸಂದರ್ಶಕರ ಪುಸ್ತಕಕ್ಕೆ ಸಹಿ ಹಾಕಿದರು.

ಆದರೆ ಆ ದಿನವೇ ಜಿ7 ನಾಯಕರು ಹೊರಡಿಸಿದ ಹೇಳಿಕೆಯಲ್ಲಿ, ಅಣ್ವಸ್ತ್ರಗಳು ಇರುವಷ್ಟು ಕಾಲ ಅವು ರಕ್ಷಣೆಗೂ ಆಕ್ರಮಣವನ್ನು ತಡೆಯುವುದಕ್ಕೂ ಬಳಕೆಯಾಗಬೇಕು ಎಂಬ ಹಳೆಯ ವಾದವೇ ಇತ್ತು. 2017ರಲ್ಲಿ 122 ದೇಶಗಳು ಮತ ಹಾಕಿ ಅಂಗೀಕರಿಸಿದ, 2021ರ ಜನವರಿಯಿಂದ ಜಾರಿಯಲ್ಲಿರುವ ಅಣ್ವಸ್ತ್ರ ನಿಷೇಧ ಒಪ್ಪಂದದ ಹೆಸರೂ ಅದರಲ್ಲಿ ಬರಲಿಲ್ಲ. ಅಣ್ವಸ್ತ್ರ ಹೊಂದಿದ ಒಂಬತ್ತು ದೇಶಗಳಲ್ಲಿ ಒಂದೂ ಆ ಒಪ್ಪಂದಕ್ಕೆ ಸೇರಿಲ್ಲ. ಭಾರತವೂ ಇಲ್ಲ, ಅಮೆರಿಕದ ಅಣ್ವಸ್ತ್ರಗಳ ರಕ್ಷಣೆಯೆಂಬ ಕೊಡೆಯ ನೆರಳಿನಲ್ಲಿರುವ ಜಪಾನೂ ಇಲ್ಲ. 1988ರಲ್ಲಿ ವಿಶ್ವಸಂಸ್ಥೆಯ ಮುಂದೆ ನಿಂತು, 2010ರೊಳಗೆ ಎಲ್ಲ ಅಣ್ವಸ್ತ್ರಗಳನ್ನೂ ಹಂತಹಂತವಾಗಿ ತೊಡೆದುಹಾಕುವ ಯೋಜನೆಯನ್ನು ಮಂಡಿಸಿದವರು ನಮ್ಮದೇ ಪ್ರಧಾನಿ ರಾಜೀವ್ ಗಾಂಧಿ ಎಂಬುದು ಆ ಫಲಕಗಳ ಮುಂದೆ ನಿಂತಾಗ ನೆನಪಾಗಿ ಮನಸ್ಸು ಮುದುಡಿತು. ಹತ್ತೇ ವರ್ಷಗಳಲ್ಲಿ ಪೋಖ್ರಾನ್ ನಡೆಯಿತು, ಅದರ ಬೆನ್ನಿಗೇ ಪಾಕಿಸ್ತಾನದ ಪರೀಕ್ಷೆಗಳೂ ನಡೆದವು.

ಹಾಗಾದರೆ ಸಂಗ್ರಹಾಲಯ ಸೋತಿತೇ? ನನಗೆ ಹಾಗನ್ನಿಸುವುದಿಲ್ಲ. ಅದರ ಬಲ ಇರುವುದು ನಿಧಾನದಲ್ಲಿ. ಸಾಮಾನ್ಯ ಸಂದರ್ಶಕನಿಗೆ ಬೇಕಾಗುವ ಎರಡು ಮೂರು ಗಂಟೆಯನ್ನು ಹತ್ತು ನಿಮಿಷಕ್ಕೋ ನಲವತ್ತು ನಿಮಿಷಕ್ಕೋ ಇಳಿಸಿದರೆ ಉಳಿಯುವುದು ಶಿಷ್ಟಾಚಾರ ಮಾತ್ರ. ನಾಯಕರಿಗೆಂದು ದಾರಿಯನ್ನು ಮೊಟಕು ಮಾಡುವುದು, ಆಯ್ದ ವಸ್ತುಗಳನ್ನಷ್ಟೇ ತೋರಿಸುವುದು ಆತಿಥ್ಯದ ದೃಷ್ಟಿಯಿಂದ ಅರ್ಥವಾಗುತ್ತದೆ, ಅಹವಾಲಿನ ದೃಷ್ಟಿಯಿಂದ ಮಾತ್ರ ಅದು ಅರ್ಜಿಯ ಮೊದಲ ಸಾಲನ್ನು ಓದಿ ಸಹಿ ಹಾಕಿಸಿಕೊಂಡಂತೆ.

ಈ ಕೊರತೆಯನ್ನು ತುಂಬುವ ಸೇವೆಯೊಂದು ಇಲ್ಲೇ ಇದೆ, ಅದಕ್ಕೆ ನನ್ನ ಪೂರ್ಣ ಮೆಚ್ಚುಗೆ. ಬಾಂಬಿನಿಂದ ಬದುಕುಳಿದ ಹಿಬಾಕುಶಾಗಳ ಸಂಖ್ಯೆ 2025ರ ಮಾರ್ಚ್ ಹೊತ್ತಿಗೆ ಒಂದು ಲಕ್ಷಕ್ಕಿಂತ ಕೆಳಗಿಳಿಯಿತು, ಅವರ ಸರಾಸರಿ ವಯಸ್ಸು 86 ದಾಟಿದೆ. ಅವರ ಸಂಘಟನೆಯಾದ ನಿಹೊನ್ ಹಿಡಾಂಕ್ಯೊಗೆ 2024ರ ನೊಬೆಲ್ ಶಾಂತಿ ಪ್ರಶಸ್ತಿ ಬಂದಾಗ, ಅದನ್ನು ಕಾಣಲು ಉಳಿದಿದ್ದವರೇ ಕಡಿಮೆ. ಹಾಗಾಗಿ ನಗರಾಡಳಿತವು ಕಿರಿಯರನ್ನು ಆರಿಸಿ, ವರ್ಷಗಟ್ಟಲೆ ತರಬೇತಿ ಕೊಟ್ಟು, ಒಬ್ಬೊಬ್ಬ ಹಿಬಾಕುಶಾ ಅವರ ಅನುಭವವನ್ನು ವಾರಸುದಾರರಂತೆ ಹೇಳುವ ಹೊಣೆ ಒಪ್ಪಿಸಿದೆ. ಈ ಉಪನ್ಯಾಸಗಳು ಉಚಿತ, ಇಂಗ್ಲಿಷಿನಲ್ಲೂ ಇರುತ್ತವೆ. ನಾನು ಕೇಳಿದ ಉಪನ್ಯಾಸವನ್ನು ಕೊಟ್ಟ ಮಹಿಳೆ ಒಮ್ಮೆಯೂ ‘ನಾನು’ ಎನ್ನಲಿಲ್ಲ, ‘ಅವರು’ ಎಂದೇ ಹೇಳಿದರು. ಒಂದೆಡೆ ಮಾತ್ರ, ನೀರು ಕೇಳಿದ ಮಗುವಿಗೆ ನೀರು ಕೊಡದೆ ಹೋದ ಪ್ರಸಂಗಕ್ಕೆ ಬಂದಾಗ, ತಡೆದು, ಕಾಗದ ನೋಡಿಕೊಂಡು ಮುಂದುವರಿದರು. ಸಂಗ್ರಹಾಲಯಕ್ಕೆ ಹೋಗುವವರು ಇದಕ್ಕೆಂದೇ ಒಂದು ಗಂಟೆ ಮೀಸಲಿಡಬೇಕು.

ವ್ಯಾವಹಾರಿಕವಾಗಿ ಹೇಳುವುದಾದರೆ ಜನಸಂದಣಿಯೇ ದೊಡ್ಡ ಕಷ್ಟ. ಈಚೆಗೆ ವರ್ಷಕ್ಕೆ 20 ಲಕ್ಷಕ್ಕೂ ಮಿಕ್ಕಿ ಜನ ಬರುತ್ತಿದ್ದಾರೆ, ನಡುಹಗಲಿನಲ್ಲಿ ಮುಖ್ಯ ಕಟ್ಟಡದೊಳಗೆ ಸಾಲು ಇರುವೆಯಂತೆ ಸಾಗುತ್ತದೆ. ಬೆಳಿಗ್ಗೆ 7.30ಕ್ಕೇ ಬಾಗಿಲು ತೆರೆಯುತ್ತದೆ. ಆ ಮೊದಲ ಗಂಟೆಗೆ ಆನ್‌ಲೈನ್‌ನಲ್ಲಿ ಮುಂಗಡ ಕಾಯ್ದಿರಿಸಿದರೆ ನೆಮ್ಮದಿಯಾಗಿ ನೋಡಬಹುದು. ಫ್ಲ್ಯಾಶ್ ಇಲ್ಲದೆ ಫೋಟೋ ತೆಗೆಯಲು ಅಡ್ಡಿಯಿಲ್ಲ, ಆದರೆ ತೆಗೆಯಬೇಕೆನ್ನಿಸುವುದು ಅಪರೂಪ.

ಗ್ಯಾಲರಿಯ ಟಿಪ್ಪಣಿ ಪುಸ್ತಕದ ವಿಷಯ ಅರ್ಧಕ್ಕೇ ಬಿಟ್ಟಿದ್ದೆ. ನನಗೆ ಸಿಕ್ಕ ಪುಟದಲ್ಲಿ ನಾಲ್ಕೈದು ಲಿಪಿಗಳಿದ್ದವು, ಕೆಳಗೊಂದು ಮಗು ಕೊಕ್ಕರೆಯ ಚಿತ್ರ ಬರೆದಿತ್ತು. ಅದರ ಪಕ್ಕದ ಖಾಲಿ ಜಾಗದಲ್ಲಿ ನಮ್ಮ ಪ್ರಧಾನಮಂತ್ರಿಗಳನ್ನು ಉದ್ದೇಶಿಸಿ ಕನ್ನಡದಲ್ಲೇ ಬರೆದೆ: ತಾವು ಇಲ್ಲಿಗೆ ಬಂದಿದ್ದು ಸಂತೋಷ, ಇನ್ನೊಮ್ಮೆ, ಮೂರು ಗಂಟೆ ಬಿಡುವು ಮಾಡಿಕೊಂಡು ಬನ್ನಿ, ಬರುವಾಗ ಪಕ್ಕದ ದೇಶದ ಪ್ರಧಾನಿಯವರನ್ನೂ ಕರೆದುಕೊಂಡು ಬನ್ನಿ. ಇಬ್ಬರಿಗೂ ಸೇರಿ ಟಿಕೆಟ್ 400 ಯೆನ್.